ಕೊಪ್ಪಳದಲ್ಲಿ ಹೊಸ ಮನೆ, ಕೈಯಲ್ಲಿ 20 ಸಾವಿರ: ಒಳಗಿನ ಅಲಂಕಾರ ನಾವೇ ಮಾಡಿಕೊಳ್ಳಬೇಕು, ಎಲ್ಲಿಂದ ಶುರು ಮಾಡಲಿ?

ಹೊಸಮನೆ ಕೊಪ್ಪಳ:
ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಮನೆಯ ಗೃಹಪ್ರವೇಶ ಆಯಿತು. ಚಿಕ್ಕ ಸೈಟು. ಒಂದು ಪಡಸಾಲೆ, ಎರಡು ರೂಮು, ಅಡುಗೆ ಮನೆ, ಮೂಲೆಯಲ್ಲಿ ದೇವರ ಮನೆ. ಕಟ್ಟಿಸುವುದರಲ್ಲೇ ಕೈ ಖಾಲಿಯಾಯಿತು, ಸಾಲದ ಕಂತೂ ಶುರುವಾಗಿದೆ. ಒಳಗಿನ ಅಲಂಕಾರಕ್ಕೆ ಅಂತ 20 ಸಾವಿರ ತೆಗೆದಿಟ್ಟಿದ್ದೇನೆ, ಅದರ ಮೇಲೆ ಒಂದು ರೂಪಾಯಿಯನ್ನೂ ಹಾಕುವ ಹಾಗಿಲ್ಲ.

ಗೋಡೆಗೆ ಸದ್ಯಕ್ಕೆ ಪ್ರೈಮರ್ ಮಾತ್ರ ಹೊಡೆಸಿದ್ದೇವೆ. ಕಿಟಕಿಗೆ ಪರದೆ ಇಲ್ಲ, ಬೆಡ್‌ಶೀಟ್ ಕಟ್ಟಿದ್ದೇವೆ. ಪಡಸಾಲೆಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಮತ್ತು ಅತ್ತೆಯವರ ಹಳೆಯ ಸಾಗವಾನಿ ಮಂಚ ಬಿಟ್ಟರೆ ಏನೂ ಇಲ್ಲ. ದೊಡ್ಡ ಕಿಟಕಿ ಪಶ್ಚಿಮಕ್ಕಿದೆ, ಮಧ್ಯಾಹ್ನ 3 ಗಂಟೆಯಿಂದ ಸಂಜೆವರೆಗೆ ಒಳಗೆ ಕೂರಲು ಆಗುವುದಿಲ್ಲ. ಇಂಟೀರಿಯರ್ ಮಾಡುವವರೊಬ್ಬರು ಬಂದು ನೋಡಿ ಪಡಸಾಲೆಯೊಂದಕ್ಕೇ ಒಂದೂವರೆ ಲಕ್ಷ ಹೇಳಿದರು. ಅವರ ಕೆಲಸಕ್ಕೆ ಅಷ್ಟು ಆಗುತ್ತದೆ ಇರಬಹುದು, ನಮ್ಮ ಹತ್ತಿರ ಇಲ್ಲ.

ನನಗೆ ಹೊಲಿಗೆ ಬರುತ್ತದೆ, ಮನೆಯಲ್ಲಿ ಮಷಿನ್ ಇದೆ. ನಮ್ಮ ಯಜಮಾನರಿಗೆ ಮೊಳೆ, ಸ್ಕ್ರೂ ಕೆಲಸ ಬರುತ್ತದೆ, ಆದರೆ ಡ್ರಿಲ್ ಮಷಿನ್ ಇಲ್ಲ. ಇಬ್ಬರಿಗೂ ಬಿಡುವು ಭಾನುವಾರ ಮಾತ್ರ. ಕೈಯಿಂದ ಮಾಡಿದವರು ಹೇಳಿ. ಮಾಡಿ ಕೆಟ್ಟಿದ್ದನ್ನೂ ಹೇಳಿ, ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಬಿಸಿಲೂರು ರಾಯಚೂರು:
ಅಕ್ಕ, ಮೊದಲ ಮಾತು, ಬಣ್ಣಕ್ಕೆ ಅವಸರ ಮಾಡಬೇಡಿ. ಕೆಟ್ಟಿದ್ದನ್ನು ಹೇಳಿ ಅಂದಿರಲ್ಲ, ನನ್ನದು ಕೇಳಿ. ನಮ್ಮ ಮನೆಗೆ ಗಿಲಾವು ಮುಗಿದು ಇನ್ನೂ ಒಂದು ತಿಂಗಳು ಆಗಿರಲಿಲ್ಲ. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂದಿತ್ತು. ಎರಡು ಕೋಟ್ ಪುಟ್ಟಿ ಎಳೆದು, ಅದರ ಮೇಲೆ ಒಳ್ಳೆಯ ಎಮಲ್ಷನ್ ಹೊಡೆಸಿದೆವು. ಮುಹೂರ್ತದ ದಿನ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಮಳೆಗಾಲ ಬಂತು ನೋಡಿ, ನೆಲದಿಂದ ಎರಡು ಅಡಿ ಎತ್ತರದವರೆಗೆ ಬಣ್ಣ ಗುಳ್ಳೆ ಎದ್ದು, ಬೆರಳು ಇಟ್ಟರೆ ಹಪ್ಪಳದ ಹಾಗೆ ಬಿಟ್ಟುಕೊಂಡು ಬಂತು. ಒಳಗೆ ಬಿಳಿ ಉಪ್ಪು. ನನ್ನ ಹೆಂಡತಿ ಅದನ್ನು ನೋಡಿ ಅತ್ತಳು. 40 ಸಾವಿರ ಖರ್ಚು ಮಾಡಿದ್ದೆವು.

ಆಮೇಲೆ ಒಬ್ಬ ಹಿರಿಯ ಗೌಂಡಿ ವಿವರಿಸಿ ಹೇಳಿದರು. ಸಿಮೆಂಟ್ ಗೋಡೆಯೊಳಗೆ ಕ್ಯೂರಿಂಗ್ ಮಾಡಿದ, ಅಂದರೆ ಗಟ್ಟಿಯಾಗಲಿ ಅಂತ ಹಾಕಿದ, ನೀರು ಇನ್ನೂ ಇರುತ್ತದೆ. ನಮ್ಮ ಕಡೆ ಎಷ್ಟೋ ಬೋರುಗಳಲ್ಲಿ ಉಪ್ಪು ನೀರು. ಆ ನೀರು ಹೊರಗೆ ಬರುವಾಗ ಉಪ್ಪನ್ನೂ ತರುತ್ತದೆ. ಮೇಲೆ ಎಮಲ್ಷನ್ ಪದರ ಇದ್ದರೆ ಹೊರಗೆ ಬರಲು ದಾರಿ ಇಲ್ಲದೆ ಅದನ್ನೇ ತಳ್ಳುತ್ತದೆ.

ನೀವು ಒಂದು ಪರೀಕ್ಷೆ ಮಾಡಿ. ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಕಡೆ ಗಾಳಿ ಹೋಗದ ಹಾಗೆ ಟೇಪ್ ಹಚ್ಚಿ. 24 ಗಂಟೆ ಬಿಡಿ. ಒಳಗೆ ಬೆವರಿದ ಹಾಗೆ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಹಸಿ. ನೆಲದ ಹತ್ತಿರ ಒಂದು, ಎದೆಯ ಎತ್ತರಕ್ಕೆ ಒಂದು, ಬಚ್ಚಲಿನ ಹಿಂದಿನ ಗೋಡೆಗೆ ಒಂದು ಹಚ್ಚಿ ನೋಡಿ.

ಹೊಸಮನೆ ಕೊಪ್ಪಳ:
ಅಣ್ಣ, ಇದು ಗೊತ್ತೇ ಇರಲಿಲ್ಲ. ಇವತ್ತೇ ಹಚ್ಚುತ್ತೇನೆ. ಹಾಗಾದರೆ ಅಲ್ಲಿಯವರೆಗೆ ಗೋಡೆ ಹೀಗೇ ಬಿಳಿಯಾಗಿ ಇರಬೇಕಾ?

ಬಿಸಿಲೂರು ರಾಯಚೂರು:
ಇರಲಿ ಅಕ್ಕ. ಒಂದು ಬೇಸಿಗೆ ಒಣಗಲಿ, ಒಂದು ಮಳೆಗಾಲದಲ್ಲಿ ಎಲ್ಲಿ ಸೋರುತ್ತದೆ ಅಂತ ಗೊತ್ತಾಗಲಿ. ದೀಪಾವಳಿ ಹೊತ್ತಿಗೆ ಬಣ್ಣ ಹಚ್ಚಿ. ಆ ದುಡ್ಡನ್ನು ಈಗಲೇ ಪಕ್ಕಕ್ಕೆ ಇಡಿ. ಪಡಸಾಲೆ 12 ಅಡಿ ಅಗಲ, 14 ಅಡಿ ಉದ್ದ ಅಂದುಕೊಂಡರೆ, 10 ಅಡಿ ಎತ್ತರಕ್ಕೆ ನಾಲ್ಕು ಗೋಡೆ ಸೇರಿ 520 ಚದರ ಅಡಿ. ಬಾಗಿಲು ಕಿಟಕಿ ಕಳೆದರೆ ಸುಮಾರು 440. ಎರಡು ಕೋಟ್ ಹೊಡೆಯಲು ಲೀಟರಿಗೆ 50 ಚದರ ಅಡಿ ಹಿಡಿದರೂ 9 ಲೀಟರ್ ಸಾಕು. ರೋಲರ್ ತಂದು ಇಬ್ಬರೂ ಸೇರಿ ಎರಡು ಭಾನುವಾರದಲ್ಲಿ ಮುಗಿಸಬಹುದು.

ಸಿಂಧನೂರು ಮೇಷ್ಟ್ರು:
ನಾನು ಅಲಂಕಾರದ ಬಗ್ಗೆ ಹೇಳುವುದಿಲ್ಲ, ಮಾಳಿಗೆಯ, ಅಂದರೆ ಮೇಲ್ಛಾವಣಿಯ, ಬಗ್ಗೆ ಹೇಳುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕೂರಲಾಗದ ಪಡಸಾಲೆಯನ್ನು ಎಷ್ಟು ಚೆಂದ ಮಾಡಿದರೂ ಏನು ಬಂತು? ಒಳಗೆ ಏನು ಇಡಬೇಕು ಅನ್ನುವುದಕ್ಕಿಂತ ಮೊದಲು ಮೇಲೆ ಸುಣ್ಣ ಬಳಿಯಿರಿ.

ನಾನು ಪ್ರತಿ ವರ್ಷ ಯುಗಾದಿಗಿಂತ ಮೊದಲು ಬಳಿಯುತ್ತೇನೆ. ಸುಣ್ಣದ ಕಲ್ಲು ತಂದರೆ ಕಬ್ಬಿಣದ ಡ್ರಮ್ಮಿನಲ್ಲಿ ನೀರು ತುಂಬಿ, ನೀರಿಗೆ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಕಲ್ಲಿನ ಮೇಲೆ ನೀರು ಸುರಿಯಬೇಡಿ, ಕುದಿದು ಮೇಲೆ ಹಾರುತ್ತದೆ. ಪ್ಲಾಸ್ಟಿಕ್ ಬಕೆಟ್ ಬೇಡವೇ ಬೇಡ. ಮಕ್ಕಳನ್ನು ಹತ್ತಿರ ಬಿಡಬೇಡಿ, ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇರಲಿ. ಎರಡು ದಿನ ನೆನೆಯಲು ಬಿಟ್ಟು, ಹಳೆಯ ಪಂಚೆಯಲ್ಲಿ ಸೋಸಿ. ಹಾಲಿಗಿಂತ ಸ್ವಲ್ಪ ಗಟ್ಟಿ ಇರಬೇಕು. ಒಣಗಿದ ಮೇಲೆ ಮುಟ್ಟಿದರೆ ಕೈಗೆ ಅಂಟದಿರಲು ಫೆವಿಕಾಲ್ ಕಲಸಿ. ಮಾಳಿಗೆಯನ್ನು ಚೆನ್ನಾಗಿ ಗುಡಿಸಿ, ನೀರು ಚಿಮುಕಿಸಿ, ಸಂಜೆ ಹೊತ್ತು ಬಳಿಯಿರಿ. ಮಧ್ಯಾಹ್ನ ಬಳಿದರೆ ಬೇಗ ಒಣಗಿ ಪುಡಿಯಾಗಿ ಉದುರುತ್ತದೆ. ಸುಣ್ಣ ಗಟ್ಟಿಯಾಗಲು ತೇವವೂ ಬೇಕು, ಗಾಳಿಯೂ ಬೇಕು. ಮರುದಿನ ಎರಡನೇ ಕೋಟ್, ಆಮೇಲೆ ಮೂರನೆಯದು. ಬೆಳ್ಳಗಿನ ಮಾಳಿಗೆ ಬಿಸಿಲನ್ನು ವಾಪಸ್ ಕಳಿಸುತ್ತದೆ. ರಾತ್ರಿ ಫ್ಯಾನ್ ಕೆಳಗೆ ಮಲಗಿದಾಗ ನಿಮಗೇ ಗೊತ್ತಾಗುತ್ತದೆ.

ಗಂಗಾವತಿ ಹೊಲಿಗೆ:
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ಈಗ ಪರದೆಗೆ ಬರೋಣ. ತಂಗಿ, ಅಂಗಡಿಯಿಂದ ಪರದೆ ತರಬೇಡ. ಬೀರುವಿನಲ್ಲಿ ಉಡದೇ ಇಟ್ಟ ಕಾಟನ್ ಸೀರೆ ಎಷ್ಟಿವೆ ಎಣಿಸು.

ಸೀರೆ ಐದೂವರೆ ಮೀಟರ್ ಅಲ್ವಾ. ಮೂರು ಭಾಗ ಮಾಡಿದರೆ ಒಂದೊಂದೂ 6 ಅಡಿ ಬರುತ್ತದೆ. 5 ಅಡಿಯ ಕಿಟಕಿಗೆ ಮೇಲೆ ರಾಡಿನ ಮಡಿಕೆ, ಕೆಳಗೆ ಅಂಚು ಮಡಿಸಲು ಸರಿಹೋಗುತ್ತದೆ. ಪನ್ನ, ಅಂದರೆ ಸೀರೆಯ ಅಗಲ, ಸುಮಾರು ಮೂರೂಮುಕ್ಕಾಲು ಅಡಿ. 4 ಅಡಿ ಅಗಲದ ಕಿಟಕಿಗೆ ಎರಡು ತುಂಡು ಹಾಕಿದರೆ ಏಳೂವರೆ ಅಡಿ ಬಟ್ಟೆ. ಕಿಟಕಿಯ ಅಗಲದ ಒಂದೂವರೆಯಿಂದ ಎರಡು ಪಟ್ಟು ಬಟ್ಟೆ ಇದ್ದರೇನೇ ನೆರಿಗೆ ತುಂಬಿಕೊಂಡು ಕಾಣುತ್ತದೆ. ಬಾಗಿಲಿಗಾದರೆ 7 ಅಡಿ ಬೇಕು, ಆಗ ಒಂದು ಸೀರೆಯಲ್ಲಿ ಎರಡೇ ಪರದೆ. ಉಳಿದ ತುಂಡಿನಲ್ಲಿ ದಿಂಬಿನ ಚೀಲ ಮಾಡು. ಅಂಚು ಇರುವ ಸೀರೆಯಾದರೆ ಎರಡು ತುಂಡಿನ ಅಂಚೂ ನಡುವೆ ಬರುವ ಹಾಗೆ ಜೋಡಿಸು. ಪರದೆ ಮುಚ್ಚಿದಾಗ ಎರಡು ಅಂಚು ಕೂಡಿ ಒಂದು ಪಟ್ಟಿಯಾಗುತ್ತದೆ, ಅದೇ ಅಲಂಕಾರ.

ಪಶ್ಚಿಮದ ಕಿಟಕಿಗೆ ಬರೀ ಸೀರೆ ಸಾಲದು, ಬಿಸಿಲು ಒಳಗೆ ಬರುತ್ತದೆ, ಒಂದು ವರ್ಷದಲ್ಲಿ ಬಣ್ಣವೂ ಹೋಗುತ್ತದೆ. ಹಿಂದೆ ಹಳೆಯ ಬಿಳಿ ಬೆಡ್‌ಶೀಟಿನ ಲೈನಿಂಗ್ ಕೊಡು. ಸೀರೆ ಮತ್ತು ಲೈನಿಂಗ್ ಎರಡನ್ನೂ ಮೊದಲು ನೀರಲ್ಲಿ ನೆನೆಸಿ ಒಣಗಿಸಿ ಆಮೇಲೆ ಕತ್ತರಿಸು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಒಂದು ಕುಗ್ಗಿ ಇನ್ನೊಂದು ಜೋತು ಬೀಳುತ್ತದೆ.

ಹೊಸಮನೆ ಕೊಪ್ಪಳ:
ಅಕ್ಕ, ಅಮ್ಮನ ನಾಲ್ಕು ಇಳಕಲ್ ಸೀರೆ ಇವೆ. ಕತ್ತರಿಸಲು ಮನಸ್ಸಿಲ್ಲ. ಅವರು ಹೋಗಿ ಎರಡು ವರ್ಷವಾಯಿತು.

ಗಂಗಾವತಿ ಹೊಲಿಗೆ:
ಅವನ್ನು ಕತ್ತರಿಸಬೇಡ ತಂಗಿ. ಪರದೆಗೆ ನಿನ್ನ ಸೀರೆ ಸಾಕು. ಅಮ್ಮನ ಸೀರೆಗಳಲ್ಲಿ ತೀರಾ ಸವೆದದ್ದು ಇದ್ದರೆ ಒಂದು ಕೌದಿ (ಹಳೆಯ ಬಟ್ಟೆಯ ಹೊದಿಕೆ) ಹೊಲಿ. ನಮ್ಮ ಅಜ್ಜಿ ಹೊಲಿದ ಕೌದಿ ಇನ್ನೂ ನಮ್ಮ ಮನೆಯಲ್ಲಿದೆ. ಅದರಲ್ಲಿ ತಾತನ ಧೋತರ, ಅತ್ತೆಯ ಸೀರೆ, ನಾನು ಮಗುವಾಗಿದ್ದಾಗ ತೊಟ್ಟ ಲಂಗ ಎಲ್ಲವೂ ಇವೆ. ಜ್ವರ ಬಂದರೆ ಈಗಲೂ ಅದನ್ನೇ ಹೊದ್ದುಕೊಳ್ಳುತ್ತೇನೆ.

ಮಾಡುವುದು ಕಷ್ಟವಿಲ್ಲ, ತಾಳ್ಮೆ ಬೇಕು. ಮೆತ್ತನೆಯ ಹಳೆಯ ಸೀರೆಗಳನ್ನು ಎರಡು ಮೂರು ಪದರ ಹಾಸು. ಸುಕ್ಕು ಇಲ್ಲದ ಹಾಗೆ ನೆಲಕ್ಕೆ ಬಿಗಿಯಾಗಿ ಹಾಸಿ, ನಾಲ್ಕೂ ಕಡೆ ಭಾರ ಇಟ್ಟು, ದೊಡ್ಡ ಕಚ್ಚಾ ಹೊಲಿಗೆ ಹಾಕಿಕೋ. ಮೇಲೆ ಚೌಕ, ತ್ರಿಕೋನದ ತುಂಡು ಜೋಡಿಸು. ಅಮ್ಮನ ಸೀರೆಯ ಸೆರಗು ನಟ್ಟ ನಡುವೆ ಬರಲಿ. ದಪ್ಪ ನೂಲಿನಿಂದ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬಾ, ಸಾಲಿನಿಂದ ಸಾಲಿಗೆ ಒಂದು ಬೆರಳಿನಷ್ಟು ಅಂತರ. ದಿನಕ್ಕೆ ಅರ್ಧ ಗಂಟೆ ಕೂತರೂ ಎರಡು ತಿಂಗಳು ಹಿಡಿಯುತ್ತದೆ. ಹಿಡಿಯಲಿ ಬಿಡು.

ಗೋಡೆಗೆ ತೂಗು ಹಾಕುವುದಾದರೆ ಮೂಲೆಗೆ ಮೊಳೆ ಹೊಡೆಯಬೇಡ, ತೂಕಕ್ಕೆ ಹರಿಯುತ್ತದೆ. ಹಿಂಬದಿಯಲ್ಲಿ ಉದ್ದಕ್ಕೆ ಒಂದು ಬಟ್ಟೆಯ ಕೊಳವೆ ಹೊಲಿದು ಅದರಲ್ಲಿ ಕೋಲು ತೂರಿಸಿ ನೇತುಹಾಕು.

ಬಾಡಿಗೆ ಮನೆ ಬಳ್ಳಾರಿ:
ಬಳ್ಳಾರಿಯಿಂದ ಒಂದು ಐಡಿಯಾ. ನಮ್ಮ ಊರಲ್ಲಿ ಜೀನ್ಸ್ ಹೊಲಿಯುವ ಘಟಕಗಳು ತುಂಬಾ ಇವೆ ಅಂತ ಎಲ್ಲರಿಗೂ ಗೊತ್ತು. ಕತ್ತರಿಸಿ ಉಳಿದ ತುಂಡು ಕೆಜಿ ಲೆಕ್ಕದಲ್ಲಿ ಸಿಗುತ್ತದೆ, ಪರಿಚಯ ಇದ್ದರೆ ಸುಮ್ನೆ ಕೊಟ್ಟವರೂ ಇದ್ದಾರೆ. ಗಟ್ಟಿ ನೀಲಿ, ತಿಳಿ ನೀಲಿ, ಕಪ್ಪು ಮೂರನ್ನೂ ಬೇರೆ ಮಾಡಿ ಪಟ್ಟಿ ಪಟ್ಟಿಯಾಗಿ ಜೋಡಿಸಿದರೆ ಬಾಗಿಲ ಮುಂದಿನ ಮ್ಯಾಟ್, ದಿಂಬಿನ ಚೀಲ, ಮಂಚದ ಮೇಲಿನ ಹಾಸು ಎಲ್ಲಾ ಆಗುತ್ತದೆ. ನಮ್ಮ ಕೆಂಪು ಧೂಳಿಗೆ ಜೀನ್ಸ್‌ಗಿಂತ ಒಳ್ಳೆಯ ಬಟ್ಟೆ ಇಲ್ಲ, ಎಷ್ಟು ತಿಕ್ಕಿ ಒಗೆದರೂ ತಾಳುತ್ತದೆ. ಹಳೆಯ ಪ್ಯಾಂಟಿನ ಜೇಬುಗಳನ್ನು ಒಂದು ದಪ್ಪ ಬಟ್ಟೆಗೆ ಸಾಲಾಗಿ ಹೊಲಿದು ಬಾಗಿಲ ಹಿಂದೆ ನೇತುಹಾಕಿದ್ದೇನೆ. ಬೀಗದ ಕೈ, ಕರೆಂಟ್ ಬಿಲ್, ಮಗಳ ಪೆನ್ಸಿಲ್, ಎಲ್ಲದಕ್ಕೂ ಒಂದೊಂದು ಜೇಬು.

ಹೊಲಿಯುವಾಗ ಮಷಿನ್‌ಗೆ 16 ಅಥವಾ 18 ನಂಬರಿನ ಸೂಜಿ ಹಾಕಿ. ನಾಲ್ಕು ಪದರ ಕೂಡುವ ಜಾಗದಲ್ಲಿ ಕೈಯಿಂದ ಚಕ್ರ ತಿರುಗಿಸಿ, ಪೆಡಲ್ ಒತ್ತಿದರೆ ಸೂಜಿ ಮುರಿಯುತ್ತದೆ. ಮೊದಲ ಎರಡು ಸಲ ಬೇರೆಯಾಗಿಯೇ ಒಗೆಯಿರಿ, ಬಣ್ಣ ಬಿಡುತ್ತದೆ. ದಿಂಬಿಗೆ ಫೋಮ್ ಬೇಡ. ಹಳೆಯ ಗಾದಿಯ ಹತ್ತಿಯನ್ನು ಹಿಂಜಿಸಿ ತುಂಬಿ.

ಮರಗೆಲಸ ಬಳ್ಳಾರಿ:
ನಾನು ಬಡಿಗ ಕೆಲಸ ಕಲಿತವನಲ್ಲ, ಐದು ವರ್ಷದಿಂದ ಮನೆಗೆ ಬೇಕಾದ್ದು ಮಾಡಿಕೊಳ್ಳುತ್ತಿದ್ದೇನೆ. ಕಾರ್ಖಾನೆಗೆ ಯಂತ್ರದ ಸಾಮಾನು ಬರುತ್ತದಲ್ಲ, ಅದರ ಕೆಳಗೆ ಮರದ ಪ್ಯಾಲೆಟ್, ಅಂದರೆ ಹಲಗೆ ಬಡಿದ ಚೌಕಟ್ಟು, ಇರುತ್ತದೆ. ಗುಜರಿಯಲ್ಲಿ ಕಡಿಮೆಗೆ ಸಿಗುತ್ತದೆ. ತರುವ ಮೊದಲು ಪಕ್ಕದಲ್ಲಿ ಒತ್ತಿದ ಇಂಗ್ಲಿಷ್ ಅಕ್ಷರದ ಮುದ್ರೆ ನೋಡಿ. ಎಚ್‌ಟಿ ಅಂತ ಇದ್ದರೆ ಮರವನ್ನು ಬಿಸಿ ಮಾಡಿ ಹುಳು ಸಾಯಿಸಿದ್ದಾರೆ ಅಂತ ಅರ್ಥ, ತರಬಹುದು. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಹಾಕಿದ್ದು, ಮುಟ್ಟಬೇಡಿ. ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆ ಇದ್ದರೂ ಬೇಡ.

ಎರಡು ಪ್ಯಾಲೆಟ್ ಒಂದರ ಮೇಲೊಂದು ಇಟ್ಟರೆ ಟೀಪಾಯಿ ಆಗುತ್ತದೆ, ಬಿಚ್ಚಿದರೆ ಪುಸ್ತಕದ ಹಲಗೆ, ಚಪ್ಪಲಿ ಸ್ಟ್ಯಾಂಡ್. ಉಜ್ಜುವ ಕೆಲಸ ಮಾತ್ರ ತಪ್ಪಿಸಬೇಡಿ. 80 ನಂಬರಿನ ಪಾಲಿಶ್ ಪೇಪರಿನಿಂದ ಶುರು ಮಾಡಿ, 120, ಕೊನೆಗೆ 220. ಮರದ ಗೆರೆ ಹೋದ ಕಡೆಗೇ ಉಜ್ಜಿ, ಅಡ್ಡ ಉಜ್ಜಿದರೆ ಗೀರು ಉಳಿಯುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮೇಲೆ ಪಾಲಿಶ್ ಮಾಡಲು ಅಗಸೆ ಎಣ್ಣೆ ಹಚ್ಚುವವರಿಗೆ ಒಂದು ಎಚ್ಚರಿಕೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬೆಂಕಿಯೇ ಹತ್ತಬಹುದು. ಬಟ್ಟೆಯನ್ನು ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ ಇಡಿ.

ಇನ್ನೊಂದು. ಅತ್ತೆಯವರ ಸಾಗವಾನಿ ಮಂಚ ಇದೆ ಅಂದಿರಿ. ನಿಮ್ಮ ಮನೆಯ ಅತಿ ಬೆಲೆಬಾಳುವ ಪೀಠೋಪಕರಣ ಅದೇ. ಬಣ್ಣ ಬಳಿಯಬೇಡಿ. ಉಜ್ಜಿ, ಎಣ್ಣೆ ಕೊಟ್ಟು ಪಡಸಾಲೆಯಲ್ಲಿ ದಿವಾನ ಮಾಡಿಕೊಳ್ಳಿ. ಸೋಫಾ ಬೇಕಿಲ್ಲ.

ಪರ್ಸಿ ಕಲ್ಲು ರಾಯಚೂರು:
ಮನೆ ಕಟ್ಟಿದಾಗ ಉಳಿದ ಶಹಾಬಾದಿ ಪರ್ಸಿ (ನೆಲಕ್ಕೆ ಹಾಕುವ ಕಲ್ಲಿನ ಚಪ್ಪಡಿ) ಇದ್ದರೆ ಬಿಸಾಕಬೇಡಿ. ಎರಡು ಸಿಮೆಂಟ್ ಇಟ್ಟಿಗೆಯ ಮೇಲೆ ಅಡ್ಡ ಇಟ್ಟರೆ ಬಾಗಿಲ ಮುಂದೆ ಕೂರುವ ಕಟ್ಟೆ. ಗೆದ್ದಲು ತಿನ್ನುವುದಿಲ್ಲ, ಬಿಸಿಲಿಗೆ ಬಿರಿಯುವುದಿಲ್ಲ.

ವೈರಿಂಗ್ ಭಾಗ್ಯನಗರ:
ನಾನು ಕೊಪ್ಪಳದ ಪಕ್ಕದ ಭಾಗ್ಯನಗರದವನು. ಎಲ್ಲರೂ ಬೆಳಕಿನ ವಿಷಯ ಮರೆತಿದ್ದೀರಿ. ಪಡಸಾಲೆಯಲ್ಲಿ ಆಸ್ಪತ್ರೆಯ ಹಾಗೆ ಬೆಳ್ಳಗಿನ ಬಲ್ಬ್ ಇದ್ದರೆ ಯಾವ ಅಲಂಕಾರವೂ ಕಾಣುವುದಿಲ್ಲ. ಡಬ್ಬಿಯ ಮೇಲೆ 6500 ಕೆ ಅಂತ ಇದ್ದರೆ ಬಿಳಿ ಬೆಳಕು, 2700 ಅಥವಾ 3000 ಕೆ ಅಂದರೆ ಹಳದಿ ಬೆಳಕು. ಓದುವ ಜಾಗಕ್ಕೆ, ಅಡುಗೆ ಮನೆಗೆ ಬಿಳಿ ಇರಲಿ. ಪಡಸಾಲೆಗೆ ಹಳದಿಯ ಒಂದು ಬಲ್ಬ್ ಹಾಕಿ ನೋಡಿ. ಮೇದಾರರ ಹತ್ತಿರ ಬಿದಿರಿನ ಬುಟ್ಟಿ ತಂದು ತಲೆಕೆಳಗು ಮಾಡಿ ಬಲ್ಬಿನ ಮೇಲೆ ಇಳಿಬಿಟ್ಟರೆ ಗೋಡೆಯ ತುಂಬಾ ಹೆಣಿಗೆಯ ನೆರಳು ಬೀಳುತ್ತದೆ. ಎಲ್‌ಇಡಿ ಬಲ್ಬ್ ಮಾತ್ರ ಹಾಕಿ, ಹಳೆಯ ಕಾಲದ ಬಲ್ಬಿನ ಬಿಸಿಗೆ ಬಿದಿರು ಕರಕಲಾಗುತ್ತದೆ.

ಡ್ರಿಲ್ ಮಾಡುವಾಗ ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ನೇರ ಪಕ್ಕಕ್ಕೆ ಎಲ್ಲಿಯೂ ತೂತು ಹೊಡೆಯಬೇಡಿ. ಒಳಗಿನ ವೈರಿನ ಪೈಪು ಸಾಮಾನ್ಯವಾಗಿ ಆ ಗೆರೆಯಲ್ಲೇ ಹೋಗಿರುತ್ತದೆ. ಬಚ್ಚಲಿನ ಗೋಡೆಯಲ್ಲಿ ನೀರಿನ ಪೈಪು ಎಲ್ಲಿದೆ ಅಂತ ಗೌಂಡಿಯನ್ನು ಕೇಳಿಕೊಳ್ಳಿ. ಮನೆ ಕಟ್ಟುವಾಗ ಮೊಬೈಲಿನಲ್ಲಿ ಫೋಟೋ ತೆಗೆದಿದ್ದರೆ ಹುಡುಕಿ, ಈಗ ಬೇಕಾಗುವುದು ಅದೇ.

ಹೊಸಮನೆ ಕೊಪ್ಪಳ:
ಫೋಟೋ ಇವೆ ಅಣ್ಣ, ಮಾವನವರು ದಿನಾ ತೆಗೆದಿದ್ದಾರೆ! ಇನ್ನೊಂದು ಕೇಳಬೇಕು. ದೇವರ ಮನೆಯ ಬಾಗಿಲ ಮೇಲೆ ಕಿನ್ನಾಳದ ಮರದ ಗೊಂಬೆಗಳ ಕೆಲಸದ ಹಾಗೆ ಚಿತ್ರ ಬರೆಯಬೇಕು ಅಂತ ಆಸೆ. ಪ್ಲೈವುಡ್ ಮೇಲೆ ಬರೆಯಬಹುದಾ?

ಕಿನ್ನಾಳ ಪಕ್ಕದ ಹಳ್ಳಿ:
ಅಕ್ಕ, ನಿಮ್ಮ ಆಸೆ ಒಳ್ಳೆಯದು, ಆದರೆ ನನಗೆ ಬೇರೆ ಅನ್ನಿಸುತ್ತದೆ. ಆ ಗೊಂಬೆ ಮಾಡುವ ಚಿತ್ರಗಾರರ ಮನೆಯಲ್ಲಿ ಕೂತು ನೋಡಿದ್ದೇನೆ. ಹಗುರ ಮರವನ್ನು ಕೆತ್ತುತ್ತಾರೆ. ಗೋಣಿಯ ಚೂರು, ಮರದ ಪುಡಿ, ಹುಣಸೆ ಬೀಜದ ಅಂಟು ಕಲಸಿ ಕಿಟ್ಟ ಮಾಡಿ ಕೀಲುಗಳನ್ನು ತುಂಬುತ್ತಾರೆ. ಬಟ್ಟೆ ಅಂಟಿಸುತ್ತಾರೆ, ಕಲ್ಲಿನ ಪುಡಿಯ ಲೇಪ ಕೊಡುತ್ತಾರೆ, ಆಮೇಲೆ ಬಣ್ಣ. ತಲೆಮಾರುಗಳ ಕೈ ಅದು, ಆ ಊರಿನದೇ ಕೆಲಸ ಅಂತ ಗುರುತಿಸುವ ಜಿಐ ಮಾನ್ಯತೆಯೂ ಇದೆ. ಎಲ್ಲವನ್ನೂ ನಾವೇ ಮಾಡಬೇಕು ಅಂತ ಇಲ್ಲ. ಪರದೆ, ದಿಂಬು, ಸುಣ್ಣ ನೀವು ಮಾಡಿ ಉಳಿಸಿದ ದುಡ್ಡಿನಲ್ಲಿ ಒಂದೇ ಒಂದು ಚಿಕ್ಕ ಗೊಂಬೆಯನ್ನು ಅವರಿಂದ ತನ್ನಿ. ಕೊಪ್ಪಳದಿಂದ ಎಷ್ಟು ದೂರ ಹೇಳಿ?

ಗಂಗಾವತಿ ಹೊಲಿಗೆ:
ಈ ಮಾತು ನನಗೂ ಒಪ್ಪಿಗೆ. ನಮ್ಮ ಆನೆಗೊಂದಿಯಲ್ಲೂ ಹೆಣ್ಣುಮಕ್ಕಳು ಬಾಳೆ ನಾರಿನಿಂದ ಬುಟ್ಟಿ, ಚೀಲ ಹೆಣೆಯುತ್ತಾರೆ. ಅಂತಹ ಕೆಲಸಕ್ಕೆ ಬೆಲೆ ಕೊಟ್ಟೇ ತರಬೇಕು.

ಬಾಡಿಗೆ ಮನೆ ಬಳ್ಳಾರಿ:
ಬಾಗಿಲ ಮೇಲಿನ ಗೋಡೆಗೆ ಏನಾದರೂ ಬರೆಯಲೇಬೇಕು ಅಂದರೆ ರಂಗೋಲಿಯ ಅಚ್ಚು ಮಾಡಿ. ಹಳೆಯ ಎಕ್ಸ್‌ರೇ ಫಿಲ್ಮ್ ಮೇಲೆ ಬಳ್ಳಿಯೋ ಗೋಪುರವೋ ಬರೆದು ಬ್ಲೇಡಿನಿಂದ ಕೊರೆಯಿರಿ. ಸ್ಪಂಜಿಗೆ ಬಣ್ಣ ಅದ್ದಿ, ಮೊದಲು ಪೇಪರ್ ಮೇಲೆ ಒತ್ತಿ ಜಾಸ್ತಿ ಬಣ್ಣ ಕಳೆದು, ಆಮೇಲೆ ಗೋಡೆಗೆ ತಟ್ಟಿ. ಬಣ್ಣ ಜಾಸ್ತಿ ಇದ್ದರೆ ಫಿಲ್ಮಿನ ಕೆಳಗೆ ಹರಿದು ಅಂಚು ಕೆಡುತ್ತದೆ. ಆದರೆ ಇದು ಗೋಡೆ ಒಣಗಿದ ಮೇಲೆ, ದೀಪಾವಳಿಗೆ!

ಹೊಸಮನೆ ಕೊಪ್ಪಳ:
ಐದು ವಾರ ಆಯಿತು, ಆಗಿದ್ದನ್ನೆಲ್ಲಾ ಹೇಳುತ್ತೇನೆ. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯಲ್ಲಿ ನೆಲದ ಹತ್ತಿರವೂ ಬಚ್ಚಲಿನ ಹಿಂದೆಯೂ ಹನಿ ಕಟ್ಟಿತು, ಎದೆಯ ಎತ್ತರದಲ್ಲಿ ಒಣಗಿತ್ತು. ಹಾಗಾಗಿ ಬಣ್ಣ ದೀಪಾವಳಿಗೆ ಅಂತ ಮನೆಯವರೆಲ್ಲಾ ಒಪ್ಪಿದ್ದೇವೆ. ಮಾಳಿಗೆಗೆ ಮೂರು ಕೋಟ್ ಸುಣ್ಣ ಆಯಿತು, ಬ್ರಷ್, ಫೆವಿಕಾಲ್ ಸೇರಿ 1,150 ರೂಪಾಯಿ. ಮೇಷ್ಟ್ರೇ, ರಾತ್ರಿಯ ಧಗೆ ನಿಜವಾಗಿ ಕಡಿಮೆಯಾಗಿದೆ, ಅತ್ತೆಯವರು ಈಗ ಒಳಗೇ ಮಲಗುತ್ತಾರೆ.

ಎರಡು ರೂಮಿನ ಪರದೆ ಹೊಲಿದಿದ್ದೇನೆ. ರಾಡು, ರಿಂಗು, ನೂಲಿಗೆ 1,900. ರೂಮಿನ ರಾಡಿಗೆ ಪಕ್ಕದ ಮನೆಯವರು ತಮ್ಮ ಡ್ರಿಲ್ ಒಂದು ದಿನ ಕೊಟ್ಟಿದ್ದರು. ಪಶ್ಚಿಮದ ಕಿಟಕಿಯ ಪರದೆ ಲೈನಿಂಗ್ ಸಮೇತ ಹೊಲಿದು ಮಡಿಸಿ ಇಟ್ಟಿದ್ದೇನೆ. ಎಚ್‌ಟಿ ಮುದ್ರೆ ನೋಡಿಯೇ ಪ್ಯಾಲೆಟ್ ತಂದೆವು, ಪೇಪರ್, ಸ್ಕ್ರೂ, ಪಾಲಿಶ್ ಸೇರಿ 2,250. ಟೀಪಾಯಿ ಆಗಿದೆ, ಪುಸ್ತಕದ ಹಲಗೆ ಗೋಡೆಗೆ ಹತ್ತುವುದು ಬಾಕಿ. ಬಳ್ಳಾರಿಯ ಜೀನ್ಸ್ ತುಂಡು 5 ಕೆಜಿಗೆ 300, ಹಳದಿ ಬಲ್ಬ್ ಮತ್ತು ಬುಟ್ಟಿಗೆ 900. ಕಿನ್ನಾಳಕ್ಕೂ ಹೋಗಿ ಬಂದೆವು. ಒಂದು ಚಿಕ್ಕ ಗಣಪತಿಗೆ 1,500 ಕೊಟ್ಟೆವು, ಮಾವನವರು ಚೌಕಾಸಿ ಮಾಡಲು ಬಿಡಲಿಲ್ಲ. ಒಟ್ಟು 8,000 ಆಗಿದೆ. ಉಳಿದ 12,000 ಬಣ್ಣಕ್ಕೆ.

ಅತ್ತೆಯವರ ಮಂಚವನ್ನು ಯಜಮಾನರು ಮೂರು ಭಾನುವಾರ ಉಜ್ಜಿದರು. ಒಳಗೆ ಇಂತಹ ಬಣ್ಣ ಇತ್ತು ಅಂತ ಅತ್ತೆಯವರಿಗೂ ನೆನಪಿರಲಿಲ್ಲ, ಕೈಯಿಂದ ಸವರುತ್ತಾ ಬಹಳ ಹೊತ್ತು ಕೂತಿದ್ದರು. ಅಮ್ಮನ ಸೀರೆಯ ಕೌದಿ ಶುರು ಮಾಡಿದ್ದೇನೆ, ಅತ್ತೆಯವರೂ ಒಂದು ಬದಿಯಿಂದ ಹೊಲಿಯುತ್ತಿದ್ದಾರೆ. ಅವರ ಒಂದು ಹಸಿರು ಸೀರೆಯನ್ನೂ ಸೇರಿಸಲು ಕೊಟ್ಟರು.

ಗಂಗಾವತಿ ಹೊಲಿಗೆ:
ತಂಗಿ, ಓದಿ ಕಣ್ಣು ತುಂಬಿ ಬಂತು. ಮುಗಿದ ಮೇಲೆ ಫೋಟೋ ಹಾಕು. ಅಂಚಿಗೆ ಆ ಹಸಿರನ್ನೇ ಸುತ್ತ ಕೊಡು.

ವೈರಿಂಗ್ ಭಾಗ್ಯನಗರ:
ಹಲಗೆ ಮತ್ತು ದೊಡ್ಡ ಕಿಟಕಿಯ ರಾಡು ಡ್ರಿಲ್‌ಗಾಗಿ ಕಾಯುತ್ತಿದ್ದರೆ ನನ್ನ ಹತ್ತಿರ ಹ್ಯಾಮರ್ ಡ್ರಿಲ್ ಇದೆ ಅಕ್ಕ. ಭಾನುವಾರ ಬೆಳಿಗ್ಗೆ ನಾನೇ ತರುತ್ತೇನೆ. ಗೋಡೆ ಕೊರೆಯುವ 6 ಎಂಎಂ ಬಿಟ್ ನನ್ನದೇ ಇದೆ, ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಪ್ಲಗ್ ಮತ್ತು ಒಂದೂವರೆ ಇಂಚಿನ ಸ್ಕ್ರೂ ನೀವು ತಂದಿಟ್ಟಿರಿ. ಗೋಡೆಯ ಫೋಟೋ ತೆರೆದಿಟ್ಟುಕೊಂಡಿರಲು ಮಾವನವರಿಗೆ ಹೇಳಿ.